ಬಂದರು ಕಚೇರಿಯ ಹೆಬ್ಬೆಟ್ಟು

ಕಳೆದ ತಿಂಗಳು ಒಂದು ಮಧ್ಯಾಹ್ನ ಸೇಡಂನ ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಚಿತ್ತಾಪುರದಿಂದ ಫೋನು ಬಂತು. ಕೋರ್ಟಿನ ಎದುರು ಚಹಾ ಮಾರುವ ಹೆಂಗಸು ಮಾತಾಡುತ್ತಿದ್ದಳು. "ಅಕ್ಕೋರ, ಬೇಲಿಫ ಕಾಕಾ ಹೋದ್ರು. ಸೋಮವಾರನ ಹೋದ್ರು. ಮಣ್ಣೂ ಆಯ್ತು. ನಿಮಗ ಯಾರರೆ ಹೇಳಿರ್ತಾರ ಅಂತ ನಾ ಸುಮ್ನಿದ್ದೆ."

ಅಂದು ಗುರುವಾರ. ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ಯಾರು ಎಂದು ಯೋಚಿಸಿದರೆ ಒಬ್ಬರ ಹೆಸರೂ ಹೊಳೆಯಲಿಲ್ಲ. ಡಬ್ಬಿ ಮುಚ್ಚಿ ಕೈತೊಳೆದುಕೊಂಡು ಬಂದು ಮತ್ತೆ ಟೈಪು ಮಾಡಲು ಕುಳಿತೆ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬದುಕಿದ್ದರೆ ಅವರೇ ಬೇಡವೆನ್ನುತ್ತಿದ್ದರು. ಕೋರ್ಟಿನಲ್ಲಿ ಎಲ್ಲರಿಗೂ ಅವರು ಕಾಕಾ. ಸಮನ್ಸು, ನೋಟೀಸುಗಳನ್ನು ಊರೂರಿಗೆ ಹೊತ್ತುಕೊಂಡು ಹೋಗಿ ಅವರವರ ಕೈಗೆ ಮುಟ್ಟಿಸಿ, ಸಹಿಯೋ ಹೆಬ್ಬೆಟ್ಟೋ ಪಡೆದು, ಹಿಂದೆ ಷರಾ ಬರೆದು ತಂದೊಪ್ಪಿಸುವುದು ಅವರ ಕೆಲಸ. ನಾನು ಬೆರಳಚ್ಚುಗಾರ್ತಿಯಾಗಿ ಚಿತ್ತಾಪುರಕ್ಕೆ ಬಂದ ಮೊದಲ ದಿನ, ಎಲ್ಲಿ ಕೂರಬೇಕೆಂದು ತಿಳಿಯದೆ ಗೋಡೆಗೆ ಒರಗಿ ನಿಂತಿದ್ದಾಗ, ಒಳಗಿನಿಂದ ಕುರ್ಚಿ ತಂದಿಟ್ಟವರು ಅವರು.

"ಕುಂದ್ರಿ ಬಾಯಾರ. ಇಲ್ಲಿ ನಿಂತವ್ರನ್ನ ಕಂಡ್ರ ಎಲ್ಲಾರೂ ಕಕ್ಷಿದಾರರು ಅಂತ ತಿಳಕೋತಾರ."

ಅವರು ನಗಲಿಲ್ಲ. ನಾನು ನಕ್ಕೆ.

ಸಣಕಲು ಮೈ, ಉದ್ದ ಕುತ್ತಿಗೆ, ಯಾವಾಗಲೂ ಮೊಣಕೈವರೆಗೆ ಮಡಿಚಿದ ತೋಳಿನ ಬಿಳಿ ಅಂಗಿ. ವಾಡಿಯ ಕಡೆ ಹೋಗಿಬಂದ ದಿನ ಆ ಅಂಗಿಯ ಮೇಲೆ ಸಿಮೆಂಟಿನ ಬೂದಿ, ಶಹಾಬಾದಿನ ಕಡೆ ಹೋಗಿಬಂದ ದಿನ ಕಲ್ಲಿನ ಪುಡಿ. "ಕಾಕಾನ ಅಂಗಿ ನೋಡಿದ್ರ ಯಾವೂರಿಗಿ ಹೋಗಿದ್ರು ಅಂತ ಹೇಳಬಹುದು" ಎಂದು ಗುಮಾಸ್ತರು ಹಾಸ್ಯ ಮಾಡುತ್ತಿದ್ದರು.

ಅವರು ಯಾರ ಮನೆಯ ಮುಂದೆಯೂ ನಿಂತು ಹೆಸರು ಹಿಡಿದು ಕೂಗುತ್ತಿರಲಿಲ್ಲ. ಕೋರ್ಟಿನ ಮನುಷ್ಯ ಓಣಿಯಲ್ಲಿ ಕೂಗಿದರೆ ಆ ಮನೆಯ ಮಾನ ಅಲ್ಲೇ ಅರ್ಧ ಹೋಯಿತು ಎನ್ನುತ್ತಿದ್ದರು. ಬಾಗಿಲಲ್ಲಿ ಮೆಲ್ಲಗೆ ಕೆಮ್ಮಿ, ಬಂದವರನ್ನು ಒಂದಿಷ್ಟು ಆಚೆ ಕರೆದುಕೊಂಡು ಹೋಗಿ, ಕಾಗದವನ್ನು ಪೂರಾ ಓದಿ ಹೇಳುತ್ತಿದ್ದರು. "ಹೆದರಬ್ಯಾಡ್ರಿ. ಇದು ಕರಿಯೋ ಕಾಗದ, ಹೊಡಿಯೋ ಕಾಗದ ಅಲ್ಲ" ಎನ್ನುವುದು ಅವರ ಮಾತು. ಆ ಮನೆಯಲ್ಲಿ ನೀರು ಕೂಡ ಕುಡಿಯುತ್ತಿರಲಿಲ್ಲ. ಬೇಸಿಗೆಯಲ್ಲಿ ಕಾಳಗಿಯ ಕಡೆಯ ಹಳ್ಳಿಗಳಿಗೆ ಹೋದಾಗಲೂ ನೀರಿನ ಬಾಟಲಿ ಹೆಗಲಿಗೇ ಇರುತ್ತಿತ್ತು.

ಒಮ್ಮೆ ಅದೇ ಕಡೆಯ ಒಂದು ಹಳ್ಳಿಗೆ ಹೋದಾಗ, ಸಮನ್ಸು ಮುಟ್ಟಿಸಬೇಕಾದ ಮನುಷ್ಯನ ಮನೆಯ ಮುಂದೆ ಹಂದರ ಹಾಕಿತ್ತಂತೆ. ಅವನ ಮಗಳ ಮದುವೆ. ಇವರು ಕಾಗದವನ್ನು ಚೀಲದಲ್ಲೇ ಇಟ್ಟುಕೊಂಡು ಊರ ಚಾವಡಿಯಲ್ಲಿ ಕುಳಿತರು. ಮದುಮಗಳನ್ನು ಗಂಡನ ಮನೆಗೆ ಕಳಿಸಿಕೊಟ್ಟ ಮರುದಿನ ಬೆಳಿಗ್ಗೆ ಹೋಗಿ ಮುಟ್ಟಿಸಿದರು. ಷರಾದಲ್ಲಿ ಇದ್ದದ್ದನ್ನು ಇದ್ದಂತೆ ಬರೆದರು: ಮನೆಯಲ್ಲಿ ಮದುವೆ ಇದ್ದುದರಿಂದ ಒಂದು ದಿನ ತಡವಾಗಿ ಜಾರಿ ಮಾಡಿದೆ. ಮೇಲಿನವರು ಕರೆಸಿ ಬೈದರು. ಹೊರಗೆ ಬಂದು ನನ್ನ ಮೇಜಿನ ಹತ್ತಿರ ನಿಂತು, "ಕಾಗದ ಒಂದಿನ ತಡ ಆದ್ರ ಕೋರ್ಟು ಬೀಳಂಗಿಲ್ಲ ಬಾಯಾರ. ಆ ಮನಿ ಬೀಳ್ತಿತ್ತು" ಎಂದರು.

ಅವರ ಇನ್ನೊಂದು ಹಟ ಎಲ್ಲರಿಗೂ ಗೊತ್ತಿತ್ತು. ಹುಡುಕಿದವರು ಸಿಗದಿದ್ದರೆ 'ಸ್ಥಳದಲ್ಲಿ ಇಲ್ಲ' ಎಂದು ಬರೆದು ಕಾಗದ ಹಿಂದಿರುಗಿಸುವುದು ವಾಡಿಕೆ. ಇವರು ಅದನ್ನು ಬರೆಯಲು ಒಪ್ಪುತ್ತಿರಲಿಲ್ಲ. ಶಹಾಬಾದಿನ ಗಣಿಯ ತಗ್ಗಿಗಿಳಿದು, ಕಲ್ಲು ಒಡೆಯುತ್ತಿದ್ದವನನ್ನು ಹುಡುಕಿ ಮುಟ್ಟಿಸಿದ್ದರು. ಊರು ಬಿಟ್ಟವನ ಬೀಗರ ಮನೆ, ಅಲ್ಲಿಂದ ಅವನ ತಂಗಿಯ ಮನೆ, ಹೀಗೆ ನಾಲ್ಕು ಊರು ತಿರುಗಿದ್ದೂ ಉಂಟು. "ಇಲ್ಲ ಅಂತ ಬರಿಯೂಮುಂದ ನನ್ನ ಕೈ ಮುಂದ ಹೋಗಂಗಿಲ್ಲ" ಎನ್ನುತ್ತಿದ್ದರು. ಕೆಲಸದ ನಿಷ್ಠೆ ಎಂದು ನಾನು ತಿಳಿದಿದ್ದೆ.

ಅದಷ್ಟೇ ಅಲ್ಲ ಎಂಬುದು ತಿಳಿದದ್ದು ವಾಡಿ ಜಂಕ್ಷನ್ನಿನಲ್ಲಿ. ಒಂದು ಐತವಾರ ಊರಿಗೆ ಹೋಗಲು ಗಾಡಿ ಬದಲಿಸುತ್ತಿದ್ದೆ. ಪ್ಲಾಟ್‌ಫಾರ್ಮಿನ ತುದಿಯ ಕಲ್ಲುಬೆಂಚಿನ ಮೇಲೆ ಅವರು ಕುಳಿತಿದ್ದರು. ಮುಂಬೈ ಗಾಡಿ ಬಂದು ನಿಂತಿತು. ಜನ ಇಳಿದರು, ಗಂಟುಮೂಟೆ ಇಳಿಸಿಕೊಂಡರು, ಹೋದರು. ಕಾಕಾ ಪ್ರತಿಯೊಬ್ಬರ ಮುಖವನ್ನೂ ನೋಡುತ್ತಿದ್ದರು. ಗಾಡಿ ಬಿಟ್ಟ ಮೇಲೆ ಹತ್ತಿರ ಹೋಗಿ ಮಾತಾಡಿಸಿದೆ.

"ಯಾರರೆ ಬರೋರಿದ್ರೇನು ಕಾಕಾ?"

"ಇಲ್ರಿ. ಸುಮ್ಕ ಗಾಡಿ ನೋಡಾಕ ಬಂದಿದ್ದೆ."

ಐವತ್ತು ದಾಟಿದ ಮನುಷ್ಯ ಗಾಡಿ ನೋಡಲು ಚಿತ್ತಾಪುರದಿಂದ ವಾಡಿಗೆ ಬರುತ್ತಾನೆಯೇ ಎಂದು ನಾನು ಕೇಳಲಿಲ್ಲ. ಮರುದಿನ ಚಹಾದ ಹೆಂಗಸು ಹೇಳಿದಳು: ಅವರು ಪ್ರತಿ ಐತವಾರ ಹೋಗುತ್ತಾರೆ, ಎಷ್ಟೋ ವರ್ಷಗಳಿಂದ. ಅವರ ತಂದೆ ಶಹಾಬಾದಿನ ಕಲ್ಲುಗಣಿಯಲ್ಲಿ ಕೆಲಸಕ್ಕಿದ್ದವರು, ಮಗ ನಾಲ್ಕು ವರ್ಷದವನಿದ್ದಾಗ ಮುಂಬೈಗೆ ಹೋಗಿಬರುತ್ತೇನೆಂದು ಆ ಸ್ಟೇಷನ್ನಿನಲ್ಲಿ ಗಾಡಿ ಹತ್ತಿದವರು ಮತ್ತೆ ಬರಲೇ ಇಲ್ಲ. ತಾಯಿ ಕಾಳುಕಡಿಯ ಅಡತಿ ಅಂಗಡಿಗಳಲ್ಲಿ ತೊಗರಿ ಹಸನು ಮಾಡಿ ಇವರನ್ನು ಓದಿಸಿದರು. ಮದುವೆಯ ಮಾತು ನಾಲ್ಕೈದು ಕಡೆ ನಡೆದಿತ್ತು. ಹುಡುಗನ ತಂದೆ ಎಲ್ಲಿ ಎಂದು ಹೆಣ್ಣಿನ ಕಡೆಯವರು ಕೇಳುವರು. ಮುಂಬೈಯಲ್ಲಿ ಎನ್ನುವರು ತಾಯಿ. ಮುಂಬೈಯಲ್ಲಿ ಎಲ್ಲಿ ಎನ್ನುವರು ಅವರು. ಅಲ್ಲಿಗೆ ಮಾತು ಮುರಿಯುತ್ತಿತ್ತು. ಆಮೇಲೆ ಕಾಕಾ ತಾವೇ ಬೇಡವೆಂದುಬಿಟ್ಟರು.

ಆ ತಾಯಿಯನ್ನು ನಾನು ಮುಂದೆ ನೋಡಿದೆ. ಎಂಬತ್ತರ ಹತ್ತಿರದ ಮುದುಕಿ, ಹಣೆಯ ತುಂಬ ಕುಂಕುಮ, ಎರಡೂ ಕೈಗೆ ಹಸಿರು ಬಳೆ. ಗಂಡ ಇದ್ದಾನೋ ಇಲ್ಲವೋ ತಿಳಿಯದೆ ಅಷ್ಟು ವರ್ಷ ಮುತ್ತೈದೆಯಾಗಿಯೇ ಇದ್ದವರು.

ಕಾಕಾ ನಿವೃತ್ತರಾದ ವರ್ಷ ಆ ಮುದುಕಿ ಹಾಸಿಗೆ ಹಿಡಿದರು. ಒಂದು ದಿನ ಕಾಕಾ ನನ್ನ ಮನೆಗೆ ಬಂದರು. ನನ್ನ ತಂಗಿ ಮುಂಬೈ ಹತ್ತಿರದ ಕಲ್ಯಾಣದಲ್ಲಿದ್ದಳು, ಅವಳ ಹೆರಿಗೆಗೆ ನಾನು ಹೊರಡುವುದಿತ್ತು. ಅದು ಅವರ ಕಿವಿಗೆ ಬಿದ್ದಿತ್ತು. ಹೊಸ್ತಿಲ ಹೊರಗೇ ನಿಂತು ಮಾತಾಡಿದರು.

"ಬಾಯಾರ, ನಾನೂ ನಿಮ್ಮ ಜೋಡಿ ಮುಂಬೈತನ ಬರ್ಲೇನು? ಇಂಗ್ಲೀಷ್ ಓದಾಕ ಬರೋರು ಯಾರರೆ ಬೇಕಾಗ್ಯದ."

ಒಳಗೆ ಕರೆದೆ. ಬಂದು ಕುಳಿತು, ಅಂಗಿಯ ಜೇಬಿನಿಂದ ಒಂದು ಹಳೆಯ ಕಾರ್ಡು ತೆಗೆದರು. ಮಡಿಕೆಗಳಲ್ಲಿ ಹರಿದು, ಹಿಂದೆ ಬೇರೆ ಕಾಗದ ಅಂಟಿಸಿದ್ದ ಕಾರ್ಡು. ಯಾರೋ ಹಿಂದಿಯಲ್ಲಿ ಬರೆದುಕೊಟ್ಟದ್ದು: ಹಡಗಿನಲ್ಲಿ ಕೆಲಸ ಸಿಕ್ಕಿದೆ, ಹುಡುಗನನ್ನು ನೋಡಿಕೋ. ಕೆಳಗೆ ಒಂದು ನಂಬರು. ತಂದೆಯಿಂದ ಬಂದದ್ದು ಅದೊಂದೇ. ಹಡಗಿನಲ್ಲಿ ಅಡುಗೆಯವನಾಗಿದ್ದ ಶಹಾಬಾದಿನ ಒಬ್ಬ ಮುದುಕ ಇತ್ತೀಚೆಗೆ ಆ ಕಾರ್ಡು ನೋಡಿ, ಇದು ಹಡಗಿನ ಕೆಲಸಗಾರರ ನೋಂದಣಿ ನಂಬರು, ಮುಂಬೈಯ ಬಂದರಿನ ಹತ್ತಿರ ಹಳೆಯ ಸರ್ಕಾರಿ ಕಚೇರಿ ಇದೆ, ಅಲ್ಲಿ ದಪ್ಪ ದಪ್ಪ ಪುಸ್ತಕಗಳಲ್ಲಿ ಎಲ್ಲರ ಹೆಸರೂ ಇರುತ್ತದೆ ಎಂದು ಹೇಳಿದ್ದನಂತೆ.

"ಇಷ್ಟ ವರ್ಷ ಸುಮ್ನಿದ್ದು ಈಗ್ಯಾಕ ಕಾಕಾ?" ಎಂದೆ.

"ಅವ್ವ ಕೇಳಾಕತ್ಯಾಳ. ನಾ ಸತ್ರ ನನ್ನ ಹ್ಯಾಂಗ ಮಣ್ಣು ಮಾಡ್ತಿ, ಕುಂಕುಮ ಹಚ್ಚಿ ಮಾಡ್ತಿಯೋ ಅಳಿಸಿ ಮಾಡ್ತಿಯೋ ಅಂತ. ನನ್ನ ಹಂತ್ಯಾಕ ಜವಾಬಿಲ್ಲ."

ನಾವು ವಾಡಿಗೆ ಹೋಗಿ ಮುಂಬೈ ಗಾಡಿ ಹತ್ತಿದೆವು. ಆ ಗಾಡಿ ಬರುವುದನ್ನು ಅಷ್ಟು ವರ್ಷ ನೋಡಿದ್ದ ಅವರು ಒಮ್ಮೆಯೂ ಅದನ್ನು ಹತ್ತಿರಲಿಲ್ಲ. ದಾರಿಯುದ್ದಕ್ಕೂ ಕಿಟಕಿಯ ಕಂಬಿ ಹಿಡಿದು ಕುಳಿತಿದ್ದರು. ಕಲ್ಯಾಣದಲ್ಲಿ ತಂಗಿಯ ಗಂಡ ಅವರಿಗೆ ಹೊರಗಿನ ಕೋಣೆಯಲ್ಲಿ ಹಾಸಿಗೆ ಹಾಕಿಸಿದ. ಮರುದಿನ ಲೋಕಲ್ ಗಾಡಿ ಹಿಡಿದು ನಾವಿಬ್ಬರೇ ಬಂದರಿನ ಕಡೆ ಹೊರಟೆವು.

ಕಚೇರಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಬಂದರಿನ ಗೋಡೆಯ ಬದಿಗೆ ಹಿಡಿದ ರಸ್ತೆಯಲ್ಲಿ ಎಲ್ಲ ಕಟ್ಟಡಗಳಿಗಿಂತ ಹಳೆಯದು ಅದೇ. ಕಪ್ಪು ಕಲ್ಲಿನ ಗೋಡೆ, ಆನೆ ಹೋಗುವಷ್ಟು ಎತ್ತರದ ಕಮಾನು, ಬ್ರಿಟಿಷರ ಕಾಲದ್ದೆಂದು ಹೇಳುವ ಒಂದು ಫಲಕ. ಎದುರಿನ ಕಟ್ಟೆಯ ಮೇಲೆ ಕಾಲೇಜಿನ ಹುಡುಗ ಹುಡುಗಿಯರು ಕುಳಿತು ಆ ಕಟ್ಟಡದ ಚಿತ್ರ ಬರೆಯುತ್ತಿದ್ದರು. ಹಳೆಯ ಕಟ್ಟಡಗಳನ್ನು ನೋಡಲು ಬಂದ ಒಂದು ಗುಂಪು ಬಾಗಿಲ ಬಳಿ ನಿಂತು ಮೆಟ್ಟಿಲ ಕಂಬಿಯ ಕುಸುರಿಯ ಫೋಟೋ ತೆಗೆಯುತ್ತಿತ್ತು. ಅವರಿಗೆ ವಿವರಿಸುತ್ತಿದ್ದವನ ಮರಾಠಿ ನಮಗೆ ತಿಳಿಯಲಿಲ್ಲ.

ಕಾಕಾ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಕಾವಲುಗಾರ ನೋಡಿ, "ಪೆಹನೋ ಚಾಚಾ, ಯೇ ಮಂದಿರ್ ನಹೀ" ಎಂದ. ಇವರು ಮತ್ತೆ ಮೆಟ್ಟಿಕೊಂಡರು. ನೆಲವನ್ನು ಒಮ್ಮೆ ದಿಟ್ಟಿಸಿ, "ನಮ್ಮ ಶಾಬಾದಿ ಕಲ್ಲು ಇದ್ದಂಗ ಅದ" ಎಂದರು. ಇರಬಹುದು, ಇಲ್ಲದೆಯೂ ಇರಬಹುದು. ನನಗೆ ಕಲ್ಲಿನ ಗುರುತು ತಿಳಿಯುವುದಿಲ್ಲ.

ಮೇಲೆ ಉದ್ದನೆಯ ಕೋಣೆಗಳು. ಸೂರಿನಿಂದ ಆಳೆತ್ತರದ ಕೋಲಿಗೆ ನೇತುಬಿದ್ದ ಫ್ಯಾನುಗಳು, ಕಿಟಕಿಯ ಮೇಲೆ ಪಾರಿವಾಳ. ಎಲ್ಲಿಂದಲೋ ಹಡಗಿನ ಸದ್ದು ಬಂದಾಗಲೆಲ್ಲ ಕಾಕಾ ಮಾತು ನಿಲ್ಲಿಸುತ್ತಿದ್ದರು. ದಾಖಲೆ ಕೋಣೆಯಲ್ಲಿ ಒಬ್ಬ ಮರಾಠಿ ಹೆಂಗಸು ಇದ್ದರು, ನನಗಿಂತ ಹಿರಿಯರು, ಮೂಗಿನ ತುದಿಯಲ್ಲಿ ಕನ್ನಡಕ. ಹಿಂದಿಯಲ್ಲಿ ನಮ್ಮ ಮಾತು ಕೇಳಿ, ಅರ್ಜಿ ಕೊಡಿ, ಹುಡುಕಿಸುತ್ತೇನೆ, ನಾಲ್ಕು ದಿನ ಬಿಟ್ಟು ಬನ್ನಿ ಎಂದರು. ನಾನು ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಕಾಕಾ ಸಹಿ ಮಾಡಿ, ತಾರೀಕು ಹಾಕಿ, ಇನ್ನೊಂದು ಪ್ರತಿಯ ಮೇಲೆ ಅವರಿಂದ ಸ್ವೀಕೃತಿ ಪಡೆದುಕೊಂಡರು. ಆ ಹೆಂಗಸಿಗೆ ನಗು ಬಂತು. "ಕೋರ್ಟ್ ಮೇ ಥೇ ಕ್ಯಾ?" ಎಂದು ಕೇಳಿದರು. ಕಾಕಾ ಹೌದೆಂದು ತಲೆಯಾಡಿಸಿದರು. ಆ ಪ್ರವಾಸದಲ್ಲಿ ಅವರ ಮುಖ ಅರಳಿದ್ದು ಆಗೊಮ್ಮೆ.

ಆ ನಾಲ್ಕು ದಿನಗಳಲ್ಲಿ ತಂಗಿಗೆ ಹೆಣ್ಣುಮಗು ಹುಟ್ಟಿತು. ಕಾಕಾ ದವಾಖಾನೆಗೆ ಬಂದು ಮಗುವನ್ನು ದೂರದಿಂದಲೇ ನೋಡಿ ಹೋದರು.

ಐದನೆಯ ದಿನ ಹೋದಾಗ ಮೇಜಿನ ಮೇಲೆ ಪುಸ್ತಕ ಸಿದ್ಧವಾಗಿತ್ತು. ಬಾಗಿಲ ಹಲಗೆಯಷ್ಟು ಅಗಲ, ಅಂಚುಗಳನ್ನು ಹುಳು ತಿಂದಿತ್ತು. ಆ ಹೆಂಗಸು ಗುರುತಿಟ್ಟಿದ್ದ ಪುಟ ತೆರೆದು, ನಮ್ಮ ಕಡೆ ತಿರುಗಿಸಿಟ್ಟು, ತಾವು ಕಿಟಕಿಯ ಹತ್ತಿರ ಹೋಗಿ ನಿಂತರು. ಅವರು ಮೊದಲೇ ಓದಿದ್ದರು ಎಂದು ಈಗ ಅನಿಸುತ್ತದೆ.

"ಓದ್ರಿ ಬಾಯಾರ. ಇದ್ದದ್ದು ಇದ್ದಂಗ ಓದ್ರಿ" ಎಂದರು ಕಾಕಾ.

ಓದಿದೆ. ಹೆಸರು. ಅವರ ತಂದೆಯ ಹೆಸರು. ಊರು. ಎತ್ತರ. ಎಡಹುಬ್ಬಿನ ಮೇಲೆ ಗಾಯದ ಕಲೆ. ಅಲ್ಲಿಗೆ ಬಂದಾಗ ಕಾಕಾ, "ಅದು ಅವ್ವ ಹೇಳಿದ್ಳು. ಗಣ್ಯಾಗ ಕಲ್ಲು ಸಿಡದದ್ದು" ಎಂದರು. ಕೆಲಸ: ಹಡಗಿನ ಕಲ್ಲಿದ್ದಲ ಕೋಣೆಯಲ್ಲಿ. ಮುಂದಿನ ಕಲಮಿಗೆ ಬಂದು ನಾನು ನಿಂತೆ. ಹತ್ತಿರದ ಸಂಬಂಧಿಕರು ಎಂಬ ಕಲಮು. ಅದನ್ನು ಬಿಟ್ಟು ಮುಂದಿನದನ್ನು ಓದಿಬಿಡೋಣವೆಂದು ಒಂದು ಗಳಿಗೆ ಅನಿಸಿತು. ಅವರಿಗೆ ಇಂಗ್ಲಿಷು ಬರುವುದಿಲ್ಲ. ಮುಂದಿನ ಸಾಲಿಗೆ ಬಾಯಿ ತೆರೆದೆ.

"ಒಂದು ಸಾಲು ಬಿಟ್ರಿ" ಎಂದರು. ಅವರ ಬೆರಳು ಆ ಸಾಲಿನ ಮೇಲೇ ಇತ್ತು.

"ವಾರಸುದಾರರು ಅಂತ ಅದ ಕಾಕಾ. ಯಾರೂ ಇಲ್ಲ ಅಂತ ಬರದಾರ."

ಅವರು ಆ ಸಾಲಿನ ಮೇಲಿಂದ ಬೆರಳು ತೆಗೆದರು. ಮುಂದೆ ಓದುವಂತೆ ಕೈಮಾಡಿದರು. ಕೊನೆಯ ಕಲಮಿನಲ್ಲಿ ಕೆಂಪು ಶಾಯಿಯ ಎರಡು ಸಾಲು: ಜ್ವರದಿಂದ ಪರದೇಶದ ಒಂದು ಬಂದರಿನ ಆಸ್ಪತ್ರೆಯಲ್ಲಿ ತೀರಿಕೊಂಡರು, ಅಲ್ಲೇ ಮಣ್ಣು ಮಾಡಲಾಯಿತು. ವರ್ಷವನ್ನು ಲೆಕ್ಕ ಹಾಕಿದೆವು. ಊರು ಬಿಟ್ಟ ಮೂರನೆಯ ವರ್ಷ. ಕಾಕಾ ಆಗ ಏಳು ವರ್ಷದ ಹುಡುಗ. ಸಂಬಂಧಿಕರು ಯಾರೂ ಇಲ್ಲವೆಂದು ಬರೆಸಿದ್ದರಿಂದ ಸುದ್ದಿ ಕಳಿಸಲು ವಿಳಾಸವೇ ಇರಲಿಲ್ಲ.

ಪುಟದ ಕೆಳಗೆ, ಎಡಮೂಲೆಯಲ್ಲಿ, ಒಂದು ಹೆಬ್ಬೆಟ್ಟಿನ ಗುರುತು. ಶಾಯಿ ಕಂದಿ ಕಂದುಬಣ್ಣಕ್ಕೆ ತಿರುಗಿತ್ತು. ಕಾಕಾ ಕನ್ನಡಕ ತೆಗೆದು ಅಂಗಿಗೆ ಒರೆಸಿ ಮತ್ತೆ ಹಾಕಿಕೊಂಡು ಬಾಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಎಡಗೈದು" ಎಂದರು. "ಭಾಳ ಒತ್ತಿ ಹಾಕ್ಯಾರ. ಹೊಸಬ್ರು ಹಂಗ ಒತ್ತತಾರ. ಬರೆಸಿಕೊಳ್ಳೋರು ಕೈ ಹಿಡೀಬೇಕು. ಯಾರೂ ಹಿಡದಿಲ್ಲ."

ಆ ಹೆಂಗಸಿನ ಕಡೆ ನೋಡಿ, ಮುಟ್ಟಬಹುದೇ ಎಂದು ಸನ್ನೆಯಲ್ಲಿ ಕೇಳಿದರು. ಅವರು ಹೂಂ ಎಂದರು. ಕಾಕಾ ತಮ್ಮ ಹೆಬ್ಬೆರಳನ್ನು ಆ ಗುರುತಿನ ಮೇಲೆ ಮೆಲ್ಲಗಿಟ್ಟು, ಕೂಡಲೇ ತೆಗೆದರು, ಬಿಸಿ ತಗುಲಿದವರಂತೆ. ಕಪ್ಪು ಮೈಯ ಆ ದೊಡ್ಡ ಕಟ್ಟಡದಲ್ಲಿ ಎಷ್ಟು ಜನ ಬಂದು ಬೆರಳೊತ್ತಿ ಹೋಗಿದ್ದರೋ. ಕೆಳಗೆ ಮೆಟ್ಟಿಲ ಹತ್ತಿರ ಫೋಟೋ ತೆಗೆಯುವವರ ನಗು ಕೇಳಿಸುತ್ತಿತ್ತು.

ಹೊರಗೆ ಬಂದು ಸಮುದ್ರದ ಕಟ್ಟೆಯ ಮೇಲೆ ಕುಳಿತೆವು. ಅವರು ಸಮುದ್ರವನ್ನು ನೋಡಿದ್ದು ಅದೇ ಮೊದಲು. ನೀರು ಕಲ್ಲಿಗೆ ಬಡಿದು ಹಿಂದೆ ಸರಿಯುತ್ತಿತ್ತು.

"ಬರಕೊಳ್ಳೋ ಗುಮಾಸ್ತ ತಾನ ಬರದಿರಬೇಕು ಕಾಕಾ. ಕೇಳದ ಬರದಿರಬೇಕು" ಎಂದೆ.

"ಇರಬಹುದು." ನೀರಿನ ಕಡೆ ನೋಡುತ್ತಲೇ ಹೇಳಿದರು, "ನಾ ಇಷ್ಟ ವರ್ಷ ಬರಸೀನಿ ಬಾಯಾರ. ಊರಿನ ಹೆಸರು ತಪ್ಪು ಬರೀತಾರ, ವಯಸ್ಸು ತಪ್ಪು ಬರೀತಾರ. ಯಾರೂ ಇಲ್ಲ ಅನ್ನೋದು ಕೇಳದ ಬರಿಯಂಗಿಲ್ಲ."



ಊರಿಗೆ ಬಂದ ಬೆಳಿಗ್ಗೆ ಸ್ಟೇಷನ್ನಿನಿಂದ ಆಟೋದಲ್ಲಿ ಅವರ ಜೊತೆಗೇ ಅವರ ಮನೆಗೆ ಹೋದೆ. ಒಬ್ಬರೇ ಆ ಬಾಗಿಲು ದಾಟುವುದು ನನಗೆ ಸರಿಯೆನಿಸಲಿಲ್ಲ. ಒಂದೇ ಕೋಣೆಯ ಮನೆ, ಹಿಂದೆ ಅಡುಗೆಗೆ ಇಳಿಜಾರು ಸೂರು. ಅವರಿಲ್ಲದಾಗ ಮುದುಕಿಯನ್ನು ನೋಡಿಕೊಂಡದ್ದು ಪಕ್ಕದ ಮನೆಯ ಬಳೆ ಅಂಗಡಿಯ ಸಾಹೇಬರ ಹೆಂಡತಿ. ನಮ್ಮನ್ನು ಕಂಡು ಆಕೆ ತಲೆಯ ಮೇಲೆ ಸೆರಗೆಳೆದುಕೊಂಡು ತಮ್ಮ ಮನೆಗೆ ಹೋದರು.

ಕಾಕಾ ತಾಯಿಯ ಹೊರಸಿನ ಪಕ್ಕ ನೆಲದ ಮೇಲೆ ಕುಳಿತರು. ಏನಾದರೂ ಮರೆಮಾಚಿ ಹೇಳುತ್ತಾರೆಂದು ನಾನು ಎಣಿಸಿದ್ದೆ. ಅವರು ಯಾರದೋ ಮನೆಯ ಮುಂದೆ ಕಾಗದ ಓದುವವರಂತೆ ಮೊದಲಿನಿಂದ ಕೊನೆಯವರೆಗೆ ಹೇಳಿದರು. ಹುಬ್ಬಿನ ಕಲೆ, ಕಲ್ಲಿದ್ದಲ ಕೋಣೆ, ವಾರಸುದಾರರು ಯಾರೂ ಇಲ್ಲ ಎಂದದ್ದು, ಜ್ವರ, ಪರದೇಶದ ಮಣ್ಣು. ಒಂದನ್ನೂ ಬಿಡಲಿಲ್ಲ.

ಮುದುಕಿ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಜ್ವರೇನು" ಎಂದರು. "ನೀರಿನ್ಯಾಗ ಹೋಗಿರ್ತಾನ ಅಂತ ಮಾಡಿದ್ದೆ."

"ನಿನಗ ಗೊತ್ತಿತ್ತೇನವ್ವ?"

"ಮೂರು ದೀಪಾವಳಿ ಕಾಗದಿಲ್ಲ ಅಂದಾಗ ತಿಳಕೊಂಡೆ. ಸತ್ರ ಸತ್ತಿರ್ತಾನ, ಇಲ್ಲಂದ್ರ ನಮ್ಮನ್ನ ಬಿಟ್ಟಿರ್ತಾನ. ಎರಡೂ ಒಂದ."

"ಮತ್ತ ಈ ಕುಂಕುಮ?"

"ಅದು ನಿನ್ನ ಸಲುವಾಗಿ ಯಪ್ಪಾ. ತಂದಿ ಇಲ್ಲದ ಹುಡುಗ ಅಂತ ಯಾರೂ ಅನಬಾರ್ದಂತ. ಆಮ್ಯಾಲ ಅದ ರೂಢಿ ಆಯ್ತು."

ಕಾಕಾ ತಾಯಿಯ ಮುಖವನ್ನೇ ನೋಡುತ್ತಿದ್ದರು. "ಹಂಗಂದ್ರ ನನ್ನ್ಯಾಕ ಕಳಿಸಿದಿ?"

"ನೀ ಹುಡುಕೋದು ಮುಗೀಲಿ ಅಂತ. ನಾ ಹೋದ ಮ್ಯಾಲೂ ನೀ ಐತವಾರಕ್ಕೊಮ್ಮಿ ವಾಡಿಗಿ ಹೋಗಿ ಕುಂದ್ರತಿದ್ದಿ."

ಅಷ್ಟು ವರ್ಷ ಅವರು ಎಲ್ಲಿಗೆ ಹೋಗುತ್ತಾರೆಂದು ತಾಯಿಗೆ ಗೊತ್ತಿತ್ತು, ಗೊತ್ತಿರುವುದು ಮಗನಿಗೆ ಗೊತ್ತಿರಲಿಲ್ಲ. ಕಾಕಾ ತಲೆ ತಗ್ಗಿಸಿದರು. ನಾನು ನೀರು ತರುವ ನೆಪದಲ್ಲಿ ಎದ್ದೆ. ಅಡುಗೆಯ ಕಡೆಯಿಂದ ಅವರ ಮಾತು ಕೇಳಿಸಿತು.

"ಬಳಿ ತಗದುಬಿಡ್ಲೇನವ್ವ?"

"ಯಾಕ? ಇವು ನನ್ನ ಬಳಿ. ನಾ ಇಟ್ಟುಗೊಂಡೀನಿ. ಹಿಂಗ ಇರಲಿ."

ಎರಡು ತಿಂಗಳಿಗೆ ಮುದುಕಿ ತೀರಿಕೊಂಡರು. ಮಣ್ಣಿನ ಹೊತ್ತಿಗೆ ಓಣಿಯ ಹಿರಿಯರು ಬಳೆಯ ಮಾತೆತ್ತಿದರು. ಕಾಕಾ ಒಂದೇ ಮಾತು ಹೇಳಿದರು: "ಆಕಿ ಹೇಳ್ಯಾಳ." ಹಸಿರು ಬಳೆ, ಹಣೆಯ ಕುಂಕುಮ ಹಾಗೆಯೇ ಇತ್ತು.

ಅಲ್ಲಿಂದ ಮುಂದಿನ ವರ್ಷಗಳ ಕಾಕಾ ನನಗೆ ಬೇರೆಯೇ ಮನುಷ್ಯರಾಗಿ ಕಾಣುತ್ತಾರೆ. ವಾಡಿಗೆ ಹೋಗುವುದು ನಿಂತಿತು. ಐತವಾರ ಏನು ಮಾಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಹುಡುಕುತ್ತಿದ್ದಷ್ಟು ಕಾಲ ಅವರಿಗೊಬ್ಬ ತಂದೆ ಇದ್ದರು, ಎಲ್ಲೋ ಒಂದು ಕಡೆ, ಯಾವುದೋ ಗಾಡಿಯಲ್ಲಿ. ಬಂದರಿನ ಆ ಪುಟ ನೋಡಿದ ಮೇಲೆ ತಂದೆ ಹೋದರು. ತಾಯಿಯೂ ಹೋದರು.

ಕೆಲಸದ ದಿನಗಳಲ್ಲಿ ಕೋರ್ಟಿಗೆ ಬಂದು ವರಾಂಡದ ಬೆಂಚಿನ ಮೇಲೆ ಕೂರುತ್ತಿದ್ದರು. ಓದಲು ಬಾರದವರು ಕಾಗದ ಹಿಡಿದು ಬಂದರೆ ಓದಿ ಹೇಳುವರು. ಹಳಬರು ವರ್ಗವಾಗಿ ಹೋದರು, ಹೊಸಬರಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ನೋಟೀಸುಗಳನ್ನು ಈಗ ಮೊಬೈಲಿಗೂ ಕಳಿಸುತ್ತಾರೆಂದು ನಾನು ಹೇಳಿದಾಗ ಕುತೂಹಲದಿಂದ ಕೇಳಿದರು.

"ಮುಟ್ಟಿದ್ದು ಹ್ಯಾಂಗ ಗೊತ್ತಾಗ್ತದ?"

"ಓದಿದ್ರ ಎರಡು ಗೀಟು ನೀಲಿ ಆಗ್ತಾವ ಕಾಕಾ."

"ಓದಿದ್ದು ಗೊತ್ತಾಯ್ತು. ತಿಳದದ್ದು?"

ಅಷ್ಟರಲ್ಲಿ ಒಬ್ಬ ಮುದುಕ ಕಾಗದ ಹಿಡಿದು ಬಂದ. ಓದಿ ಹೇಳಲು ಕಾಕಾ ಅವನನ್ನು ಒಂದಿಷ್ಟು ಆಚೆ ಕರೆದುಕೊಂಡು ಹೋದರು.

ನನಗೆ ಸೇಡಂಗೆ ವರ್ಗವಾಯಿತು. ದೂರವೇನಲ್ಲ, ಬಸ್ಸೂ ಇದೆ, ಗಾಡಿಯೂ ಇದೆ. ಆದರೂ ಚಿತ್ತಾಪುರಕ್ಕೆ ಹೋಗುವುದು ತಿಂಗಳಿಗೊಮ್ಮೆಯಾಯಿತು, ಆಮೇಲೆ ಹಬ್ಬಕ್ಕೊಮ್ಮೆಯಾಯಿತು. ಈ ಸಲ ಚಳಿ ಮುಗಿಯುವ ಹೊತ್ತಿಗೆ ಬೇರೆ ಯಾವುದೋ ಕೆಲಸಕ್ಕೆ ಹೋದವಳು ಅವರ ಮನೆಗೂ ಹೋದೆ. ತಾವೇ ಜೋಳದ ರೊಟ್ಟಿ ಬಡಿದಿದ್ದರು, ಪುಂಡಿಪಲ್ಯ ಮಾಡಿದ್ದರು. ರೊಟ್ಟಿಯ ಅಂಚು ದಪ್ಪಗಿತ್ತು. ಮೈ ಇನ್ನೂ ಸೊರಗಿತ್ತು, ಅಂಗಿಯೊಳಗೆ ಹೆಗಲ ಮೂಳೆ ಎದ್ದು ಕಾಣುತ್ತಿತ್ತು. ನಾನು ಉಣ್ಣುವುದನ್ನು ನೋಡುತ್ತಾ ಕುಳಿತರು.

"ಬಾಯಾರ, ಆ ಕಚೇರಿ ಮೆಟ್ಟಲ ಎಷ್ಟಿದ್ವು ನೆನಪದ ಏನ್ರಿ?"

"ಎಣಿಸಿಲ್ಲ ಕಾಕಾ."

"ನಾ ಎಣಿಸಿದ್ದೆ. ಈಗ ಮರೆಯಾಕತ್ತೀನಿ. ಪುಸ್ತಕ ತೋರಿಸಿದ ಆ ಹೆಣ್ಮಗಳ ಮುಖಾನೂ ನೆನಪಾಗವಲ್ದು. ಹೆಬ್ಬೆಟ್ಟು ಎಡಕ್ಕಿತ್ತೋ ಬಲಕ್ಕಿತ್ತೋ?"

"ಎಡಮೂಲ್ಯಾಗ ಇತ್ತು."

"ಹೌದು. ಎಡಕ್ಕ." ತಮ್ಮ ಕೈ ನೋಡಿಕೊಂಡರು. "ಅದನ್ನ ನೋಡಿದವ್ರು ನಾವಿಬ್ರ. ಬ್ಯಾರೆಯವ್ರಿಗಿ ಹೇಳಿದ್ರ ಕಥಿ ಆಗ್ತದ. ನಿಮ್ಮ ಮುಂದ ಹೇಳಿದ್ರ ಹಂಗಾಗಲ್ಲ."

ಬಸ್ಸಿನ ಹೊತ್ತಾಗಿತ್ತು. ಕೈತೊಳೆದು ಚೀಲ ತೆಗೆದುಕೊಂಡೆ. ಅವರು ಎದ್ದು ನಿಲ್ಲಲು ಗೋಡೆ ಹಿಡಿಯಬೇಕಾಯಿತು.

"ಬರೋ ಐತವಾರ ಬರ್ತೀರೇನು? ಮುಂಬೈದು ಮೊದಲಿಂದ ಒಮ್ಮಿ ಮಾತಾಡೂಣು. ನಾ ಬರಕೋತೀನಿ."

ಬರುವ ಐತವಾರ ಮಗನ ಶಾಲೆಯ ಏನೋ ಕಾರ್ಯಕ್ರಮವಿತ್ತು. ಅದರ ಮುಂದಿನ ವಾರ ನೆಂಟರು ಬರುವವರಿದ್ದರು.

"ನೋಡ್ತೀನಿ ಕಾಕಾ" ಎಂದೆ.

ನಮ್ಮ ಕಡೆ ಬರಲು ಆಗದವರು ಹಾಗೆ ಹೇಳುತ್ತಾರೆ. ಅದು ಅವರಿಗೂ ಗೊತ್ತಿತ್ತು.

"ಆಯ್ತ್ರಿ" ಎಂದರು. "ಬಾಗಲ ಜರಾ ಮುಂದ ಮಾಡಿ ಹೋಗ್ರಿ. ಗಾಳಿ ಬರಾಕತ್ಯದ."

ಬಾಗಿಲು ಮುಂದೆ ಮಾಡಿದೆ. ಒಳಗಿನಿಂದ ಅವರು ಅಗಳಿ ಹಾಕುತ್ತಾರೇನೋ ಎಂದು ಸ್ವಲ್ಪ ಹೊತ್ತು ನಿಂತಿದ್ದೆ. ಸದ್ದು ಬರಲಿಲ್ಲ. ಬಸ್ಸು ತಪ್ಪೀತೆಂದು ಬೇಗ ಬೇಗ ನಡೆದೆ.